ಮೊದಲ ಸ್ಥಾನದ ಸ್ಯಾಕ್ಸೊಫೋನ್

ಡಮ್ ಡಮ್, ಕೋಲ್ಕತ್ತಾ
ಡಿಸೆಂಬರ್ 28

ಪಪ್ಪಾ,

ಈ ವರ್ಷ ನೀವು ಮೆಚ್ಚಿದ ಜಾಝ್ ಆಲ್ಬಮ್‌ಗಳ ಪಟ್ಟಿ ತಲುಪಿತು. ಇದೇ ಕೋಲ್ಕತ್ತಾದ ಗರಿಯಾಹಾಟ್‌ನಿಂದ ನನ್ನ ಮದುವೆಗೆ ಬರಲು ನಿಮಗೆ ದಾರಿ ಸಿಗಲಿಲ್ಲ, ಪಟ್ಟಿಗೆ ಮಾತ್ರ ಪ್ರತಿ ಡಿಸೆಂಬರಿನಂತೆ ಸಿಕ್ಕಿತು! ಲಕೋಟೆಯ ಮೇಲೆ ನನ್ನ ಹೆಸರೊಂದೇ, ನನ್ನ ಗಂಡ ಮನೀಷನದ್ದಿಲ್ಲ.

ನಿಮ್ಮಂತೆ ನಾನೂ ಮಾಡಿದ ಜಾನಪದ ಪಟ್ಟಿಯಲ್ಲಿ ಬಂಗಾಳದ ಬಾವುಲ್ ಹಾಡುಗಳು ಮೊದಲು, ನಮ್ಮ ತುಳು ಪಾಡ್ದನ ಆಮೇಲೆ. ಎರಡನ್ನೂ ಮನೀಷ್ ಜೊತೆ ಅಡುಗೆಮನೆಯಲ್ಲಿ ಕುಣಿಯುತ್ತಾ ಕೇಳಿದೆ. ನಾನೆಷ್ಟು ಖುಷಿಯಾಗಿದ್ದೇನೆಂದರೆ, ಹಲ್ಲುಜ್ಜುವಾಗಲೂ ನಗು ಬರುತ್ತದೆ. ನಿಮಗೆ ಇಷ್ಟವಾಗದಿದ್ದರೂ ಬರೆಯುತ್ತೇನೆ.

"ಹೋಟೆಲಿನಲ್ಲಿ ಪೀಪಿ ಊದುವವನಿಗೆ ಮಗಳನ್ನು ಕೊಡುವುದಾ ಮಾರಾಯ್ತಿ?" ಎಂದು ನೀವು ಅಮ್ಮನ ಮುಂದೆ ಕಿರುಚಿದ್ದನ್ನು ಮರೆತಿಲ್ಲ. ಜೀವಮಾನವಿಡೀ ಜಾಝ್ ಕೇಳಿದವರ ಬಾಯಲ್ಲಿ ಆ ಮಾತು!

ನಿಮ್ಮ ಮೊದಲ ಸ್ಥಾನದ ಆಲ್ಬಮ್ ಇದೇ ಊರಿನ ಐವರು ಹುಡುಗರದ್ದು. "ಸ್ಯಾಕ್ಸೊಫೋನ್ ಕೇಳಿ ಕಣ್ಣು ತುಂಬಿತು" ಎಂದು ಬರೆದಿದ್ದೀರಿ. ಫೋನಿನಲ್ಲಿ ಕೇಳುವಾಗ ನುಡಿಸಿದವರ ಹೆಸರು ಕಾಣಿಸುವುದಿಲ್ಲ, ಅದಕ್ಕೆ ಹೇಳುತ್ತಿದ್ದೇನೆ. ನುಡಿಸಿದ್ದು ನಿಮ್ಮ ಅಳಿಯ.

ನಿಮ್ಮ ಪಟ್ಟಿಯ ವಿಷಯ ಅವನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ನಿಮ್ಮನ್ನು ಕ್ಷಮಿಸಿಬಿಡುತ್ತಾನೆ. ನಾನು ಕ್ಷಮಿಸುವುದಿಲ್ಲ. ಆ ಆಲ್ಬಮನ್ನು ಪಟ್ಟಿಯಿಂದ ಹೊಡೆದುಹಾಕಿ, ಇಲ್ಲವೇ ಭಾನುವಾರ ಊಟಕ್ಕೆ ಬಂದು, ಕಣ್ಣು ತುಂಬಿತೆಂದು ಅವನ ಮುಖ ನೋಡಿ ಹೇಳಿ.

ಇಂತಿ,
ನಿಶ್ಮಿತಾ ಮನೀಷ್