ರಫ್ ಜರ್ನಲ್

ಜನವರಿ 6, ಬೆಳಗ್ಗೆ 5
ಇತಿಹಾಸ ಮೂರನೇ ಪಾಠ ಓದಿದೆ. ನಾಲ್ಕನೇ ಸಲ. ಪೂನಮ ಇನ್ನೂ ಕೌದಿಯೊಳಗೆ. ದೊಡ್ಡಪ್ಪನ ಮಗಳು, ನನ್ನದೇ ವಯಸ್ಸು, ಇಬ್ಬರೂ ಹತ್ತನೇ ಕ್ಲಾಸು. ಅವಳಿಗೆ ವಾರಕ್ಕೆ ಮೂರೇ ದಿನ ಶಾಲೆ, ಉಳಿದ ದಿನ ಕುರಿಗಳ ಹಿಂದೆ. ಆದರೂ ಪ್ರಿಲಿಮ್‌ನಲ್ಲಿ ನನಗಿಂತ ಎರಡು ಮಾರ್ಕ್ಸ್ ಹೆಚ್ಚು. ಹೊಟ್ಟೆ ಉರಿಯುತ್ತದೆ. ಬರೆದೇಬಿಟ್ಟೆ. ಇದನ್ನು ಯಾರು ಓದುತ್ತಾರೆ...

ಜನವರಿ 11
ಸೋಲಾಪುರದಿಂದ ಅಮೋಗಸಿದ್ಧ ಕಾಕಾ ನಮ್ಮೂರು ಹನ್ನೂರಿಗೆ ಬಂದಿದ್ದ. ವಿಜಾಪುರ ರಸ್ತೆಯಲ್ಲಿ ಅವನ ಮನೆ, ಎರಡೇ ಖೋಲಿ. ಹನ್ನೊಂದನೇ ಕ್ಲಾಸಿಗೆ ನಮ್ಮಲ್ಲಿ ಒಬ್ಬಳನ್ನು ಇಟ್ಟುಕೊಳ್ಳುತ್ತಾನಂತೆ. ಒಬ್ಬಳನ್ನೇ.

ಅಜ್ಜ ರೊಟ್ಟಿ ಮುರಿಯುತ್ತಲೇ ತೀರ್ಪು ಕೊಟ್ಟ: "ಯಾರಿಗಿ ಮಾರ್ಕ್ಸ್ ಹೆಚ್ಚ ಬೀಳ್ತಾವ, ಆಕಿ ಹೋಗ್ಲಿ. ಇನ್ನೊಬ್ಬಾಕಿ ಮನ್ಯಾಗ ಇರ್ಲಿ."

ಮನೆಯಲ್ಲಿ ಇರಲಿ ಎಂದರೆ ಏನೆಂದು ಇಬ್ಬರಿಗೂ ಗೊತ್ತು. ದೀಪಾವಳಿ ಮುಗಿಯುತ್ತಲೇ ಗಂಡು ನೋಡುತ್ತಾರೆ. ನಾನು ಹೋಗಬೇಕು. ಹೋಗಲೇಬೇಕು.

ಜನವರಿ 19, ಸಂಜೆ
ನಮ್ಮಲ್ಲಿ ಕುರಿ ಎಣಿಸುವುದಿಲ್ಲ. ಎಣಿಸಿದರೆ ನಮ್ಮ ದೇವರು ಬೀರೋಬಾ ಕೊಟ್ಟದ್ದು ಕರಗುತ್ತದೆ ಎನ್ನುತ್ತಾನೆ ಅಜ್ಜ. ಮುಖ ನೋಡಿ ಒಳಗೆ ಬಿಡಬೇಕು. ಪೂನಮ ಹಟ್ಟಿಯ ಬಾಗಿಲಲ್ಲಿ ನಿಂತು ನೋಡಿದಳು. "ಬಿಳಿ ಕಿವೀದು ಬಂದಿಲ್ಲ" ಎಂದಳು. ಹೌದು, ಹಳ್ಳದಲ್ಲಿ ಸಿಕ್ಕಿತು. ನನಗೆ ಎಲ್ಲವೂ ಒಂದೇ ಕುರಿ.

ಅವ್ವ ನಕ್ಕಳು. "ಆಕಿಗಿ ಬೀರೋಬಾನಾ ತಲಿ ಕೊಟ್ಟಾನ. ನೀ ಓದೇ ಪಾಸಾಗ್ಬೇಕ ನಮ್ಮವ್ವಾ."



ಫೆಬ್ರವರಿ 8, ಶನಿವಾರ
ಸೋಮವಾರ ಸೈನ್ಸ್ ಪ್ರಾಕ್ಟಿಕಲ್. ಪ್ರಯೋಗಗಳನ್ನೆಲ್ಲ ಬರೆದ ಜರ್ನಲ್ ಕೊಡಬೇಕು. ಕೊನೆಯ ಚಿತ್ರ ಹೊಲದಲ್ಲೇ ಮುಗಿಸುತ್ತೇನೆಂದು ಪೂನಮ ಜರ್ನಲನ್ನು ಬುತ್ತಿಯ ಜೊತೆ ಕಟ್ಟಿಕೊಂಡು ಹೋಗಿದ್ದಳು. ಆಡು ತಿಂದುಹಾಕಿದೆ. ಬುತ್ತಿಯನ್ನಲ್ಲ, ಜರ್ನಲನ್ನು. ರಟ್ಟು ಮಾತ್ರ ಹಿಡಿದು ಕೂತಿದ್ದಾಳೆ.

ನಾನು ಎಲ್ಲವನ್ನೂ ಎರಡು ಸಲ ಬರೆಯುವವಳು. ಮೊದಲು ರಫ್, ಆಮೇಲೆ ಫೇರ್. ರಫ್ ಜರ್ನಲ್ ಟ್ರಂಕಿನಲ್ಲಿದೆ, ನನ್ನ ಬಟ್ಟೆಗಳ ಕೆಳಗೆ. ಹದಿನಾರು ಪ್ರಯೋಗ, ರೀಡಿಂಗ್ ಸಮೇತ. ಕೊಟ್ಟರೆ ನಾಳೆ ಒಂದೇ ದಿನದಲ್ಲಿ ಇಳಿಸಿಕೊಳ್ಳುತ್ತಾಳೆ.

ಕೊಡಲಿಲ್ಲ. ಇದೆ ಎಂದೂ ಹೇಳಲಿಲ್ಲ.

ಫೆಬ್ರವರಿ 9
ದಿನವಿಡೀ ಬರೆದಳು. ನೆನಪಿನಿಂದಲೇ. ನೋಡಿ ನೋಡಿ ತಡೆಯದೆ ಕೇಳಿದೆ, "ಹೆಂಗ ನೆನಪಿರ್ತಾವ ನಿನಗ?"

"ಹುಟ್ಟಾ ತಂದಿದ್ದಲ್ಲ, ಬಿಡ. ಸಾಲ್ಯಾಗ ಕೇಳಿದ್ದು ಮರುದಿನ ಕುರಿಗಿ ಹೇಳ್ತೀನಿ. ಸಂಜೀತನಾ ಅದನ್ನಾ. ಅವು ನನಕಿಂತ ಮೊದ್ಲ ಹತ್ತನೇ ಕ್ಲಾಸ ಪಾಸಾಗ್ತಾವ."

ಆಮೇಲೆ ಬೆರಳು ನೀವಿಕೊಳ್ಳುತ್ತ ಹೇಳಿದಳು: "ಸಣ್ಣಾಕಿದ್ದಾಗ ಒಂದ ಮರಿ ಕಳದಿದ್ದೆ. ಅಪ್ಪ ಎರಡ ದಿನಾ ಮಾತಾಡ್ಸಲಿಲ್ಲ. ಆವಾಗಿಂದ ಒಂದೊಂದ ಮುಖಾ ನೋಡಿ ನೋಡಿ ಬಾಯಿಪಾಠ ಮಾಡೀನಿ. ಮಂದಿ ಬೀರೋಬಾ ಕೊಟ್ಟಾನ ಅಂತಾರ."

ಬೆಳಗ್ಗೆ ಐದಕ್ಕೆ ಏಳುವ ನಾನೊಬ್ಬಳೇ ದುಡಿಯುವವಳು ಅಂದುಕೊಂಡಿದ್ದೆ. ನಾಚಿಕೆಯಾಯಿತು. ನಾಲ್ಕು ಪ್ರಯೋಗ ಉಳಿದವು, ಅವಳ ಕೈ ಏಳಲಿಲ್ಲ. ಆಗಲೂ ಹೇಳಲಿಲ್ಲ.

ಫೆಬ್ರವರಿ 10
ಜರ್ನಲ್ ಅಪೂರ್ಣ ಎಂದು ಸರ್ ಪೂನಮಳಿಗೆ ಐದು ಮಾರ್ಕ್ಸ್ ಕಡಿದರು. ನನಗೆ ಪೂರ್ತಿ.

ಮೇ 27
ರಿಸಲ್ಟ್. ನನಗೆ 431. ಪೂನಮಳಿಗೆ 428.

ಆ ಐದು ಹೋಗದಿದ್ದರೆ ಅವಳೇ ಮುಂದೆ. ಯಾರಿಗೂ ಲೆಕ್ಕ ಹೊಳೆಯಲಿಲ್ಲ. ಅಜ್ಜ ಓಣಿಗೆಲ್ಲ ಪೇಢೆ ಹಂಚಿದ. "ಶಾಣೇತನಾ ಒಂದ ಕಡಿ, ದುಡತ ಒಂದ ಕಡಿ. ನಮ್ಮ ಸೋನಾಲಿ ದುಡದ ಗೆದ್ದಾಳ ನೋಡ್ರಿ." ಪೂನಮ ಎರಡು ಪೇಢೆ ತಿಂದಳು. ನನಗೆ ಒಂದೂ ಇಳಿಯಲಿಲ್ಲ.

ಜೂನ್ 14, ಬೆಳಗ್ಗೆ 8
ಕಾಕಾ ಬೈಕ್ ತಂದಿದ್ದಾನೆ. ಪೂನಮ ನನ್ನ ಬಟ್ಟೆ ಮಡಚಿ ಚೀಲಕ್ಕೆ ಹಾಕುತ್ತಿದ್ದಳು. ಟ್ರಂಕಿನ ತಳದಿಂದ ರಫ್ ಜರ್ನಲ್ ತೆಗೆದು, "ಇದನ್ನೂ ಒಯ್ತೀ?" ಎಂದಳು.

"ನಿನಗ... ಯಾವಾಗ ಗೊತ್ತಾತು?"

"ಅವತ್ತ. ಜರ್ನಲ್ ಬರೀವಾಗ ಗೆರಿ ಹೊಡ್ಯೋ ಪಟ್ಟಿ ಹುಡುಕಾಕ ಟ್ರಂಕ ತಗದಿದ್ದೆ."

"ಮತ್ತ ಯಾಕ ತಗೋಳಿಲ್ಲ?"

"ನಿನ್ನ ದುಡತ ಅದು. ನೀನಾ ಕೊಡ್ತಿ ಅಂತ ಸಂಜೀತನಾ ಕಾಯ್ದೆ."

ಸಿಟ್ಟು ಮಾಡಿ ಹೇಳಿದ್ದರೆ ಜಗಳವಾಡಬಹುದಿತ್ತು. ಸುಮ್ಮನೆ ಹೇಳಿದಳು. ಕುರಿ ಬಿಡಲು ಹೋದಳು.

ಹೊರಗೆ ಅಜ್ಜ, ಕಾಕಾ ಚಹಾ ಕುಡಿಯುತ್ತಿದ್ದಾರೆ. ಹೇಳಿದರೆ ಸೋಲಾಪುರ ಹೋಯಿತು. ಹೇಳದಿದ್ದರೆ... ಇಷ್ಟು ಬರೆಯುವಷ್ಟರಲ್ಲಿ ಮೂರು ಸಲ ಎದ್ದು ಕೂತೆ. ಅಳು ಬರುತ್ತಿದೆ. ಸೋಲಾಪುರ ಬೇಕು ನನಗೆ. ಈಗಲೂ ಬೇಕು.

ಅಜ್ಜ ಕರೆಯುತ್ತಿದ್ದಾನೆ. "ಸೋನಿ, ಬಾರವಾ, ಹೊತ್ತಾತು."

ಬಂದೆ ಎಂದೆ. ಚೀಲ ಇಲ್ಲೇ ಇರಲಿ. ಮೊದಲು ಅಜ್ಜನಿಗೆ ಎಲ್ಲ ಹೇಳಿಬಿಡುತ್ತೇನೆ, ಆಮೇಲೆ...