ನೀರಿಲ್ಲದ ಶೆಡ್ಡಿನಲ್ಲಿ ಪಾಸಾದೆ

೧೨-೪-೧೯೭೮, ಬುಧವಾರ. ಹಿರಿಯೂರು.

ಪ್ಲಂಬರ್ ಲೈಸೆನ್ಸಿನ ಪರೀಕ್ಷೆಗೆ ಅನುಭವವನ್ನು ಪರಿಗಣಿಸುತ್ತೇವೆ ಎಂದಿದ್ದರು ಸರ್ಕಾರದವರು, ಪರಿಗಣಿಸಲಿಲ್ಲ. ಪಾಲಯ್ಯಣ್ಣನನ್ನೂ ಪರೀಕ್ಷೆಗೆ ಕೂರಿಸುತ್ತೇವೆ ಎಂದಿದ್ದರು. ಏಳನೇ ಕ್ಲಾಸು ಪಾಸಾಗಿಲ್ಲವೆಂದು ಬಾಗಿಲಲ್ಲೇ ತಡೆದರು. ನನಗೆ ಈ ಪೈಪಿನ ಕೆಲಸ ಕಲಿಸಿದವನೇ ಅವನು. ನಲ್ಲಿಯಲ್ಲಿ ನೀರಿರುತ್ತದೆ ಎಂದಿದ್ದರು. ದುರ್ಗದ ಆ ಶೆಡ್ಡಿನಲ್ಲಿ ಒಂದು ಹನಿಯೂ ಇರಲಿಲ್ಲ.

ಆದರೂ ನಾನು ಪಾಸು. ಹದಿನಾಲ್ಕು ವರ್ಷ ನಾನು ಹಾಕಿದ ಪೈಪಿಗೆಲ್ಲ ಲೈಸೆನ್ಸಿದ್ದ ಕಂಟ್ರಾಕ್ಟರು ರುಜು ಹಾಕಿದ. ಇನ್ನು ಮೇಲೆ ನನ್ನ ರುಜು.

ಜಾಯಿಂಟು ಸೋರುವುದಿಲ್ಲವೆಂದು ತೋರಿಸು ಎಂದರು ಪರೀಕ್ಷೆಯ ಸಾಹೇಬರು. ನೀರಿಲ್ಲದೆ ಹೇಗೆ ತೋರಿಸಲಿ? ಪಾಲಯ್ಯಣ್ಣ ಕಲಿಸಿದಂತೆ ಅಂಗೈಗೆ ಉಗುಳಿ, ಜೇಬಿನಲ್ಲಿದ್ದ ಸೋಪಿನ ಚೂರು ಉಜ್ಜಿ, ನೊರೆಯನ್ನು ಜಾಯಿಂಟಿನ ಸುತ್ತ ಬಳಿದೆ. ಪೈಪಿನ ಒಂದು ತುದಿ ಮುಚ್ಚಿ ಇನ್ನೊಂದರಿಂದ ಊದಿದೆ. ಒಂದು ಗುಳ್ಳೆಯೂ ಏಳಲಿಲ್ಲ.

"ಇದು ಪುಸ್ತಕದಲ್ಲಿಲ್ಲವಲ್ಲಯ್ಯ," ಎಂದರು.

"ಪುಸ್ತಕ ಬರೆದೋರ ಊರಾಗೆ ದಿನಾ ನೀರು ಬರ್ತೈತೆ ಸಾರ್," ಎಂದೆ.

ನಕ್ಕುಬಿಟ್ಟರು. ಪ್ಯಾಂಟು ಕೊಳೆಯಾಗುವುದನ್ನೂ ನೋಡದೆ ಮಂಡಿಯೂರಿ ತಾವೇ ಒಮ್ಮೆ ಊದಿ ನೋಡಿದರು. ಆಮೇಲೆ ಲೈಸೆನ್ಸಿನ ಕಾಗದಕ್ಕೆ ರುಜು ಹಾಕಿ ಮೊಹರೊತ್ತಿದರು.

ಪಾಲಯ್ಯಣ್ಣ ಹೊರಗೆ ಬೇವಿನ ನೆರಳಲ್ಲೇ ಕಾದಿದ್ದ. ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ. "ಲೇ, ನಮ್ಮ ಉಗುಳಿಗೂ ಸರ್ಕಾರಿ ಮೊಹರು ಬಿತ್ತಲ್ಲೋ," ಎಂದ. ಬಸ್ಸಿನಲ್ಲಿ ಹಿರಿಯೂರಿನ ತನಕ ಇಬ್ಬರೂ ನಗುತ್ತಲೇ ಬಂದೆವು.

ಅಂಗೈಯಲ್ಲಿ ಇನ್ನೂ ಸೋಪಿನ ವಾಸನೆಯಿದೆ. ತೊಳೆಯಲು ಮನಸ್ಸಿಲ್ಲ. ಇಂಥದೇ ಕಾಗದ ಅವನ ಕೈಗೂ ಬರಬೇಕು, ಬಿಡುವುದಿಲ್ಲ. ಅರ್ಜಿ ನಾನೇ ಬರೆಯುತ್ತೇನೆ. ಅದಕ್ಕೆ ನಮ್ಮಿಬ್ಬರ ಸಭೆ ಬಬ್ಬೂರಿನಲ್ಲಿ, ಅವನ ಮನೆಯ ಜಗುಲಿಯ ಮೇಲೆ, ಭಾನುವಾರ ಬೆಳಿಗ್ಗೆ ಹತ್ತಕ್ಕೆ.