ನಾಲ್ಕನೇ ಬೀದಿಯವರೆಗೆ ಬಂದ ನೀರು

ಸೆಪ್ಟೆಂಬರ್ ೧೧, ಗುರುವಾರ ಮಧ್ಯಾಹ್ನ

ರೀ,

ಆರು ವರ್ಷದ ಮೇಲೆ ಹೀಗೆ ಕರೆಯುವ ಹಕ್ಕು ನನಗಿದೆಯೋ ಇಲ್ಲವೋ ಗೊತ್ತಿಲ್ಲ. ನಿಮ್ಮನ್ನು ಬೇರೆ ರೀತಿ ಕರೆದು ಅಭ್ಯಾಸವಿಲ್ಲ, ಅಷ್ಟೆ. ನನ್ನ ಅಕ್ಷರ ನೋಡಿದ ಕೂಡಲೇ ಕಾಗದವನ್ನು ಪಕ್ಕಕ್ಕಿಡಬೇಡಿ. ಪೂರ್ತಿ ಓದಿ, ಆಮೇಲೆ ಹರಿದು ಹಾಕಿದರೂ ಸರಿ.

ಮೂರು ವಾರದ ಹಿಂದೆ ಇಲ್ಲಿ ನದಿ ಉಕ್ಕಿದ್ದನ್ನು ಪತ್ರಿಕೆಯಲ್ಲಿ ಓದಿರುತ್ತೀರಿ. ಹಿಂದಿನ ದೊಡ್ಡ ನೆರೆಯ ದಾಖಲೆಯನ್ನು ಆಗಿನ ನೀರುಮಟ್ಟ ಬರೆಯುವ ನೌಕರ ಕಳೆದುಹಾಕಿದ್ದರಿಂದ ಅಪಾಯ ಅಂದಾಜಿಸಲಾಗಲಿಲ್ಲ ಎಂದು ಕೊನೆಯಲ್ಲಿ ಎರಡು ಸಾಲು ಇತ್ತಲ್ಲ, ಅದನ್ನೂ ಓದಿರುತ್ತೀರಿ. ಹೆಸರು ಹಾಕಿರಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ, ಊರಿಗೆಲ್ಲ ಗೊತ್ತು.

ಆ ಎರಡು ಸಾಲು ಸುಳ್ಳು. ನೀವು ಏನನ್ನೂ ಕಳೆಯಲಿಲ್ಲ. ರಿಜಿಸ್ಟರ್ ತೆಗೆದುಕೊಂಡು ಹೋದವಳು ನಾನು.

ಇದನ್ನು ಬರೆದು ಎದ್ದುಹೋಗಿ, ಮುಖ ತೊಳೆದುಕೊಂಡು ಬಂದು ಮತ್ತೆ ಕೂತಿದ್ದೇನೆ. ಇನ್ನು ಮೊದಲಿನಿಂದ ಹೇಳುತ್ತೇನೆ.

ನದಿ ದಂಡೆ ಅಭಿವೃದ್ಧಿ ಯೋಜನೆಯ ನಕ್ಷೆ ಬರೆಯುವ ಕೆಲಸ ನಮ್ಮ ವಿಭಾಗಕ್ಕೆ ಬಂದ ದಿನ ನಾನು ಹೇಗೆ ಹಿಗ್ಗಿದ್ದೆ ಎಂದು ನಿಮಗೆ ನೆನಪಿರಬೇಕು. ಹದಿನೇಳು ವರ್ಷ ಚರಂಡಿ, ಕಾಂಪೌಂಡು ಗೋಡೆ, ಸಾರ್ವಜನಿಕ ಶೌಚಾಲಯ ಇವುಗಳ ನಕ್ಷೆ ಬರೆದು ಬರೆದು ಬೆನ್ನು ಬಗ್ಗಿಸಿಕೊಂಡವಳು ನಾನು. ಊರು ಬೆಳೆದ ರಭಸಕ್ಕೆ ನದಿ ಹಿತ್ತಲಾಗಿಬಿಟ್ಟಿತ್ತು. ಎಲ್ಲ ಮನೆಗಳೂ ಅದಕ್ಕೆ ಬೆನ್ನು ತಿರುಗಿಸಿ ಕಸ ಎಸೆಯುತ್ತಿದ್ದವು. ಅಂಥ ಕಡೆ ಎರಡು ಮೈಲಿ ಉದ್ದದ ಕಾಲುದಾರಿ, ನೆರಳಿನ ಮರಗಳು, ನೀರಿಗೆ ಇಳಿಯುವ ಮೆಟ್ಟಿಲು, ಅದರ ಹಿಂದೆ ಅಂಗಡಿ ಸಾಲು, ಹೊಸ ವಸತಿ ಕಟ್ಟಡಗಳು. ನೀವೂ ಖುಷಿಪಟ್ಟಿರಿ. ಬೆಂಚಿಗೆ ಒರಗಿಕೊಳ್ಳುವ ಹಲಗೆ ಇರಲಿ, ಇಲ್ಲದಿದ್ದರೆ ವಯಸ್ಸಾದವರಿಗೆ ಸೊಂಟ ಹಿಡಿದುಕೊಳ್ಳುತ್ತೆ ಎಂದವರು ನೀವೇ. ನಾನು ಹಾಗೇ ಬರೆದೆ.

ಆಮೇಲೆ ನೆರೆ ರೇಖೆ ಎಳೆಯುವ ಕೆಲಸ ಬಂತು. ಹಿಂದೆ ಅತಿ ಹೆಚ್ಚು ನೀರು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿಗೆ ಗೆರೆ ಎಳೆಯಬೇಕು, ಗೆರೆಯಿಂದ ನದಿಯ ಕಡೆಗೆ ಮನೆ ಕಟ್ಟುವಂತಿಲ್ಲ. ನಿಮ್ಮ ರಿಜಿಸ್ಟರ್ ಪ್ರಕಾರ ಹಿಂದಿನ ದೊಡ್ಡ ನೆರೆಯಲ್ಲಿ ನೀರು ನಾಲ್ಕನೇ ಬೀದಿ ಮುಟ್ಟಿತ್ತು. ಹಾಗಾದರೆ ಅಂಗಡಿ ಸಾಲೂ ಇಲ್ಲ, ವಸತಿ ಕಟ್ಟಡವೂ ಇಲ್ಲ, ಅವಿಲ್ಲದೆ ಯೋಜನೆಗೆ ಬಂಡವಾಳ ಹಾಕುವವರೂ ಇಲ್ಲ. ಆ ಒಂದು ದಿನದ ಮಟ್ಟ ಅನುಮಾನ ಅಂತ ಬರೆದುಕೊಡಿ, ಆಗ ಮಳೆಯಲ್ಲಿ ಎರಡು ದಿನ ನಿದ್ದೆಗೆಟ್ಟು ನಿಂತಿದ್ದಿರಲ್ಲ ಎಂದು ಊಟಕ್ಕೆ ಕೂತಾಗ ನಿಮ್ಮನ್ನು ಕೇಳಿದೆ. ನೀವು ನನ್ನ ಮುಖವನ್ನೇ ನೋಡಿದಿರಿ. “ಸೊಂಟದ ಮಟ್ಟದ ನೀರಲ್ಲಿ ನಿಂತು ಬರೆದಿದ್ದು ಕಣೇ. ತಪ್ಪಾಗಿದ್ದಿದ್ರೆ ನಾನೇ ಹೇಳ್ತಿದ್ದೆ,” ಎಂದು ಮತ್ತೆ ಊಟ ಮುಂದುವರಿಸಿದಿರಿ. ಸಿಟ್ಟು ಕೂಡ ಮಾಡಿಕೊಳ್ಳಲಿಲ್ಲ.

ಅದಾಗಿ ಎರಡು ದಿನಕ್ಕೆ ದೊಡ್ಡ ಸಾಹೇಬರು ನನ್ನನ್ನು ಒಳಗೆ ಕರೆದರು. ಆ ಪುಸ್ತಕ ಇಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು, ಹೇಗಾದರೂ ತಂದುಬಿಡಿ ಎಂದರು. ಕೈ ಕೆಳಗಿನವಳು ನಾನು, ಏನು ಮಾಡಲಿ? ನೀವು ಮನೆಯಲ್ಲೇ ಬಿಟ್ಟುಹೋಗಿದ್ದ ಕನ್ನಡಕ ಕೊಡುವ ನೆಪದಲ್ಲಿ ಪಂಪ್‌ಹೌಸ್ ಪಕ್ಕದ ನಿಮ್ಮ ಕೋಣೆಗೆ ಬಂದೆ. ನೀವು ಕೆಳಗೆ ನೀರಿನ ಮಟ್ಟ ಅಳೆಯುವ ಕಂಬದ ಹತ್ತಿರ ಇದ್ದಿರಿ. ನೆರೆ ಬಂದ ವರ್ಷದ ರಿಜಿಸ್ಟರನ್ನು ಕಪಾಟಿನಿಂದ ತೆಗೆದು, ತರಕಾರಿ ಚೀಲದ ತಳದಲ್ಲಿಟ್ಟು, ಮೇಲೆ ಸೊಪ್ಪಿನ ಕಟ್ಟು ಹರಡಿದೆ. ಮೇಲಿನ ಕಚೇರಿಗೆ ಹೋಗುತ್ತಿದ್ದದ್ದು ತಿಂಗಳ ಸರಾಸರಿ ಮಾತ್ರ. ಆ ದಿನದ ಲೆಕ್ಕ ಬರಹದಲ್ಲಿ ಇದ್ದದ್ದು ಅದೊಂದರಲ್ಲೇ.

ನೀವು ಹುಡುಕಿದಿರಿ. ನಾನೂ ನಿಮ್ಮ ಜೊತೆ ಹುಡುಕಿದೆ. ಈ ಕಾಗದದಲ್ಲಿ ಬರೆಯಲು ಕೈ ಬಾರದ ಸಾಲು ಇದೇ. ಅಟ್ಟ ಖಾಲಿ ಮಾಡಿದೆವು, ಮಂಚ ಸರಿಸಿದೆವು, ಹಳೇ ಪೇಪರ್ ಅಂಗಡಿಗೆ ಹೋಗಿ ಮೂಟೆ ಬಿಚ್ಚಿಸಿದೆವು. ಅಂಗಡಿಯವನು ಗೊಣಗಿದಾಗ ನಿಮ್ಮ ಪರವಾಗಿ ಅವನ ಮೇಲೆ ರೇಗಿದವಳು ನಾನು. ವಾಪಸ್ಸು ಬರುವಾಗ ನೀವು, “ನನ್ನ ತಲೆಗೇ ಏನೋ ಆಗಿದೆ ಕಣೇ,” ಎಂದಿರಿ. ನಾನು, “ವಯಸ್ಸಾಯ್ತಲ್ಲ, ಆಗುತ್ತೆ ಬಿಡಿ,” ಎಂದೆ. ನಿಮಗಾಗ ಐವತ್ತೊಂದು.

ವಿಚಾರಣೆಯ ದಿನ ಎಲ್ಲರೂ ಪುಸ್ತಕ ಎಲ್ಲಿ ಎಂದು ಕೇಳಿದಾಗ ನೀವು ಬರಿಗೈಯಲ್ಲಿ ನಿಂತಿದ್ದಿರಿ. ನಾನು ಸಾಹೇಬರ ಹಿಂದಿನ ಕುರ್ಚಿಯಲ್ಲಿ ನಕ್ಷೆಯ ಸುರುಳಿ ಹಿಡಿದು ಕೂತಿದ್ದೆ. ಕೆಲಸದಿಂದ ತೆಗೆದ ಪತ್ರ ಬಂದ ಮೇಲೆ, ನಾನಿಲ್ಲಿದ್ದರೆ ನೀನು ಆಫೀಸಿನಲ್ಲಿ ತಲೆಯೆತ್ತಿ ಓಡಾಡೋಕಾಗಲ್ಲ ಎಂದು ಹೇಳಿ ಅಕ್ಕನ ಮನೆಗೆ ಹೊರಟಿರಿ. ಬಾಗಿಲಲ್ಲಿ ಒಂದು ಕ್ಷಣ ತಡೆದಿರಿ. ಹೋಗಬೇಡಿ ಅನ್ನಲಿ ಎಂದು ಕಾದಿರಬೇಕು. ನಾನು ಛತ್ರಿ ತಂದುಕೊಟ್ಟೆ.

ರೇಖೆಯನ್ನು ಎರಡನೇ ಬೀದಿಗೆ ಎಳೆದೆ. ನೀವು ಹಳೇ ನೆರೆಯ ಗುರುತು ಹಾಕಿದ್ದ ಪಂಪ್‌ಹೌಸ್ ಗೋಡೆಯನ್ನು, ದಾಖಲೆಯಿಲ್ಲದ ಗುರುತು ಲೆಕ್ಕಕ್ಕಿಲ್ಲ ಎಂದು ಕೆಡವಿದರು. ಕಾಲುದಾರಿ ಮುಗಿಯಿತು. ಸುಳ್ಳು ಯಾಕೆ ಹೇಳಲಿ, ತುಂಬ ಚೆನ್ನಾಗಿತ್ತು. ಸಂಜೆಯಾದರೆ ಊರಿಗೆ ಊರೇ ಅಲ್ಲಿರುತ್ತಿತ್ತು. ಎಂದೂ ಮನೆಯಿಂದ ಹೊರಬರದ ಅಜ್ಜಿಯಂದಿರು ಬೆಂಚಿಗೆ ಒರಗಿ ನೀರು ನೋಡುತ್ತಾ ಕೂರುತ್ತಿದ್ದರು. ನೋಡಿದಿರಾ, ಯಾರಿಗೂ ಕೆಟ್ಟದ್ದಾಗಲಿಲ್ಲ ಎಂದು ನಾನು ಮನಸ್ಸಿನಲ್ಲೇ ನಿಮ್ಮ ಜೊತೆ ವಾದ ಮಾಡುತ್ತಿದ್ದೆ.

ನಿಮ್ಮ ಅಂಗಿಯ ಕಾಲರ್ ತಿರುಗಿಸಿ ಹೊಲಿದುಕೊಡುತ್ತಿದ್ದ ಟೈಲರಮ್ಮನ ಗುಡಿಸಲು ದಂಡೆಯ ಮೇಲಿತ್ತಲ್ಲ? ಅದನ್ನು ತೆಗೆದು, ಅವರಿಗೆ ಮೂರನೇ ಬೀದಿಯಲ್ಲಿ ನೆಲಮಹಡಿಯ ಅಂಗಡಿ, ಹಿಂದೊಂದು ಕೋಣೆ ಕೊಟ್ಟರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ನನ್ನನ್ನು ಹುಡುಕಿಕೊಂಡು ಮನೆಗೇ ಬಂದಿದ್ದರು. ಅಲ್ಲಿಗೆ ನೀರು ಬರಲ್ಲ ತಾನೆ ಎಂದು ಕೇಳಿದರು. ಆಫೀಸಿನವರ ಮಾತು ಬೇಡ, ನೀನು ಹೇಳಿದರೆ ಸಾಕು ಎಂದರು. ಬರಲ್ಲ ಅಕ್ಕಾ, ಧೈರ್ಯವಾಗಿ ಸಹಿ ಹಾಕಿ ಎಂದೆ.

ನದಿ ಉಕ್ಕಿದ ಆ ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಮೆಟ್ಟಿಲು ಮುಳುಗಿತು, ಹತ್ತಕ್ಕೆ ಬೆಂಚುಗಳು. ಜನ ಮೊಬೈಲ್ ಹಿಡಿದು ನಿಂತಿದ್ದರು. ಎರಡನೇ ಬೀದಿ ದಾಟುವುದಿಲ್ಲವೆಂದು ಎಲ್ಲರಿಗೂ ನಂಬಿಕೆ, ನಮ್ಮದೇ ಆಫೀಸಿನ ಫಲಕ ಹಾಗೆ ಹೇಳುತ್ತಿತ್ತು. ಹನ್ನೊಂದರ ಹೊತ್ತಿಗೆ ನೀರು ಚರಂಡಿಗಳಿಂದ ಮೇಲಕ್ಕೆದ್ದಿತು. ಟೈಲರಮ್ಮ ಮಗಳ ಕೈಯಲ್ಲಿ ಹೊಲಿಗೆ ಯಂತ್ರದ ತಲೆ ಕೊಟ್ಟು ಮಹಡಿಗೆ ಕಳಿಸಿ, ಬೇರೆಯವರ ಬಟ್ಟೆ ಕಣೇ, ನೆಂದರೆ ಏನು ಹೇಳಲಿ ಎಂದು ತಾವು ಮತ್ತೆ ಒಳಗೆ ಹೋದರಂತೆ. ನೀರಿನ ಒತ್ತಡಕ್ಕೆ ಶಟರ್ ಬಾಗಿ ಸಿಕ್ಕಿಹಾಕಿಕೊಂಡಿತು. ನಾನು ಹೋಗುವ ಹೊತ್ತಿಗೆ ಅದನ್ನು ಕತ್ತರಿಸುತ್ತಿದ್ದರು. ಹೊರಗೆ ತಂದಾಗ ಉಸಿರಿರಲಿಲ್ಲ, ಅವರ ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು.

ನೀರಿಳಿದ ಮರುದಿನ ನಾನೊಬ್ಬಳೇ ನಾಲ್ಕನೇ ಬೀದಿಗೆ ಹೋಗಿ ಗೋಡೆಯ ಮೇಲಿನ ಕೆಸರಿನ ಗುರುತು ಅಳೆದೆ. ನಿಮ್ಮ ಲೆಕ್ಕಕ್ಕೂ ಅದಕ್ಕೂ ಎರಡು ಬೆರಳಿನ ವ್ಯತ್ಯಾಸ. ಅಲ್ಲಿಂದ ಟೈಲರಮ್ಮನ ಮಗಳನ್ನು ನೋಡಲು ಹೋದೆ. ಅವಳು ನನ್ನ ಕೈ ಹಿಡಿದುಕೊಂಡು, “ಇಷ್ಟು ನೀರು ಬರುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ ಅಲ್ವಾ ಆಂಟಿ?” ಎಂದಳು. ನಾನು ತಲೆಯಾಡಿಸಿದೆ, ಗೊತ್ತಿರಲಿಲ್ಲ ಎಂಬಂತೆ. ಮಾಡಿದ ಪಾಪವೆಲ್ಲ ಒಂದು ತೂಕ, ಆ ತಲೆಯಾಡಿಸಿದ್ದೇ ಒಂದು ತೂಕ.

ರಿಜಿಸ್ಟರ್ ಸುಟ್ಟಿರಲಿಲ್ಲ. ಸುಡಲು ಎರಡು ಸಲ ಹೋಗಿ ನಿಮ್ಮ ಅಕ್ಷರ ನೋಡಿ ವಾಪಸ್ಸು ತಂದಿಟ್ಟಿದ್ದೆ. ನಿನ್ನೆ ಅದನ್ನು ಈ ನೆರೆಯ ತನಿಖೆ ಮಾಡುತ್ತಿರುವ ಅಧಿಕಾರಿಯ ಮೇಜಿನ ಮೇಲಿಟ್ಟು ಹೇಳಿಕೆ ಬರೆಸಿ ಬಂದೆ. ಟೈಲರಮ್ಮನ ಮಗಳಿಗೂ ಹೇಳಿದೆ. ಅವಳು ಬಾಗಿಲು ಹಾಕಿಕೊಂಡಳು, ಅದು ಸರಿಯೇ. ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಕ್ಷಮಿಸಿ ಎಂದು ಕೇಳುವುದಿಲ್ಲ, ವಾಪಸ್ಸು ಬನ್ನಿ ಎಂದಂತೂ ಕೇಳುವುದೇ ಇಲ್ಲ.

ಹೋದ ವರ್ಷ ನಿಮ್ಮ ಅಕ್ಕ ಫೋನ್ ಮಾಡಿದ್ದರು. ನೀವು ಎಲ್ಲವನ್ನೂ ಚೀಟಿಯಲ್ಲಿ ಬರೆದಿಡುತ್ತೀರಂತೆ. ಮಾತ್ರೆ ನುಂಗಿದೆ, ಬೀಗ ಹಾಕಿದೆ, ದೀಪ ಆರಿಸಿದೆ ಎಂದು. ನನ್ನ ಬುದ್ಧಿಯ ಮೇಲೆ ನನಗೇ ನಂಬಿಕೆಯಿಲ್ಲ ಎನ್ನುತ್ತೀರಂತೆ. ಅದನ್ನು ಕೇಳಿಯೂ ನಾನು ಸುಮ್ಮನಿದ್ದೆ. ಈ ಕಾಗದ ಬರೆದದ್ದೇ ಇದನ್ನು ಹೇಳಲು: ನಿಮ್ಮ ಬುದ್ಧಿಗೆ ಯಾವತ್ತೂ ಏನೂ ಆಗಿರಲಿಲ್ಲ. ಬೀಗ ಹಾಕಿದ್ದು ನೆನಪಿದ್ದರೆ, ಹಾಕಿದ್ದೀರಿ ಎಂದೇ ಅರ್ಥ.

ಇಂತಿ,
ಒಂದು ಕಾಲಕ್ಕೆ ನಿಮ್ಮ ಮನೆಯವಳು

ಮ.ವಿ.: ಲಕೋಟೆ ಅಂಟಿಸಿ, ಮತ್ತೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಪುಸ್ತಕ ತಂದುಬಿಡಿ ಎಂದು ಸಾಹೇಬರು ನನಗೆ ಹೇಳಿರಲಿಲ್ಲ. ನಿನ್ನೆಯ ಹೇಳಿಕೆಯಲ್ಲೂ ಅವರೇ ಹೇಳಿದರೆಂದು ಬರೆಸಿದ್ದೆ, ಅದೂ ಸುಳ್ಳು. ನಿಜವೆಂದರೆ ಅವರು ನಿಮ್ಮ ಮಟ್ಟವನ್ನು ಒಪ್ಪಿಕೊಂಡು, ಯೋಜನೆ ಕೈಬಿಡೋಣ ಎಂದು ಕಡತದಲ್ಲಿ ಬರೆಯಲು ಕೂತಿದ್ದರು. ಆ ನಕ್ಷೆಯ ಮೂಲೆಯಲ್ಲಿ ಮೊದಲ ಬಾರಿಗೆ ನನ್ನ ಹೆಸರಿತ್ತು. ಎರಡು ದಿನ ತಡೆಯಿರಿ ಸರ್ ಎಂದು ಕೇಳಿಕೊಂಡು ಬಂದವಳು ನಾನೇ. ನಾಳೆ ಬೆಳಿಗ್ಗೆ ಹೋಗಿ ಹೇಳಿಕೆ ತಿದ್ದಿಸುತ್ತೇನೆ. ಅದಕ್ಕೂ ಮುಂಚೆ ನಿಮಗೆ ಗೊತ್ತಾಗಲಿ ಅಂತ.